ಅಪ್‌ಡೇಟ್: ಆ ಒಂದು ಸ್ಟಾರ್ ರಿವ್ಯೂ ಕಥೆ

ಹಿಂದೆ ಕೇಳಿದ್ದೆನಲ್ಲ, ನಮ್ಮಲ್ಲಿ ಏನೂ ಕೊಳ್ಳದ ಯಾರೋ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಬೈದಿದ್ದರು. ಅದೇ ಹೊತ್ತಿಗೆ ಒಂದು ಏಜೆನ್ಸಿ, "ಐದು ಸ್ಟಾರ್ ರಿವ್ಯೂ ನಾವೇ ಹಾಕಿಸ್ತೀವಿ" ಅಂತ ಪ್ಯಾಕೇಜ್ ಹಿಡಿದು ಬಂದಿತ್ತು. ಏನು ಮಾಡಲಿ ಅಂತ ಕೇಳಿದ್ದಕ್ಕೆ ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಪ್ಯಾಕೇಜ್ ಬೇಡ ಅಂದೆ. ದುಡ್ಡು ಕೊಟ್ಟು ಬರೆಸುವುದಿರಲಿ, ರಿವ್ಯೂ ಬರೆದವರಿಗೆ ಡಿಸ್ಕೌಂಟ್ ಕೊಡುವುದೂ ಗೂಗಲ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಕೆಲಕಾಲ ಹೊಸ ರಿವ್ಯೂಗಳನ್ನೇ ತಡೆಯಬಹುದು. ನಕಲಿ ರಿವ್ಯೂ ತೆಗೆಯಲಾಗಿದೆ ಅಂತ ಪ್ರೊಫೈಲ್ ಮೇಲೆ ಎಚ್ಚರಿಕೆಯನ್ನೂ ತೋರಿಸಬಹುದು. ಒಂದು ಸ್ಟಾರ್‌ಗಿಂತ ಅದು ಜಾಸ್ತಿ ಅವಮಾನ ಅಲ್ವಾ?

ಆ ರಿವ್ಯೂ ರಿಪೋರ್ಟ್ ಮಾಡಿದೆ. ಹೋಗಲಿಲ್ಲ. ಮಾಲೀಕರು, ಗ್ರಾಹಕರ ಜಗಳದಲ್ಲಿ ಯಾರು ಸರಿ ಅಂತ ಗೂಗಲ್ ತೀರ್ಮಾನಿಸುವುದಿಲ್ಲ. ನಿಯಮ ಮುರಿದಿದೆಯಾ ಅಂತಷ್ಟೇ ನೋಡುತ್ತದೆ. ಹಾಗಾಗಿ ಕೆಳಗೆ ಉತ್ತರ ಬರೆದೆ: "ನಿಮ್ಮ ಆರ್ಡರ್ ನಮ್ಮ ಲೆಕ್ಕದಲ್ಲಿ ಸಿಗುತ್ತಿಲ್ಲ. ಬಿಲ್ ಇದ್ದರೆ ದಯವಿಟ್ಟು ಫೋನ್ ಮಾಡಿ, ಸರಿಮಾಡೋಣ." ಫೋನ್ ಬರಲಿಲ್ಲ, ಬರುತ್ತದೆ ಅಂತ ನಂಬಿಯೂ ಇರಲಿಲ್ಲ. ಆ ಉತ್ತರ ಬೈದವರಿಗಲ್ಲ, ಮುಂದೆ ಓದುವವರಿಗೆ. ಹೊಸ ಗ್ರಾಹಕರೊಬ್ಬರು ಅದನ್ನು ಓದಿಯೇ ಬಂದೆ ಅಂದರು. ಖುಷಿಯಾಯಿತು.

ಈಗ ಬಿಲ್ ಜೊತೆ ರಿವ್ಯೂ ಲಿಂಕ್‌ನ ಕ್ಯೂಆರ್ ಕೋಡ್ ಕೊಡುತ್ತೇವೆ, ಎಲ್ಲರಿಗೂ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ. ಮೂರು ಸ್ಟಾರ್‌ಗಳೂ ಬರುತ್ತಿವೆ. ಬರಲಿ, ಬರೀ ಐದೇ ಇದ್ದರೆ ನನಗೇ ಅನುಮಾನ ಬರುತ್ತದೆ.

ಜಾಹೀರಾತಿನ ಬಗ್ಗೆ ಕೇಳಿದವರಿಗೆ: ಪೋಸ್ಟ್ ಬೂಸ್ಟ್ ಮಾಡುವುದನ್ನು, ಅಂದರೆ ದುಡ್ಡು ಕೊಟ್ಟು ಸೋಶಿಯಲ್ ಮೀಡಿಯಾ ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವುದನ್ನು, ನಿಲ್ಲಿಸಿದ್ದೇನೆ. ಲೈಕ್ ಬಂತು, ಆರ್ಡರ್ ಬರಲಿಲ್ಲ.