ಪಾರ್ಕಿಂಗ್ ಕಂಪನಿಯ 100 ಪೌಂಡ್ ಕಾಗದ: ಹೆದರಿ ಕಟ್ಟಬೇಡಿ, ಹರಿದೂ ಹಾಕಬೇಡಿ

ಮೈಸೂರಿನಿಂದ ಲೀಡ್ಸ್‌ಗೆ ಬಂದು ಮೂರು ತಿಂಗಳಾಯಿತು, ಸೂಪರ್‌ಮಾರ್ಕೆಟ್ ಮುಂದೆ ಜಾಸ್ತಿ ಹೊತ್ತು ಕಾರು ನಿಲ್ಲಿಸಿದ್ದೀರಿ ಅಂತ 100 ಪೌಂಡ್ ಕೇಳಿ ಕಾಗದ ಬಂದಿದೆ, 14 ದಿನದೊಳಗೆ ಕಟ್ಟಿದರೆ 60 ಸಾಕಂತೆ, ಕಟ್ಟದಿದ್ದರೆ ಪೊಲೀಸರು ಬರುತ್ತಾರಾ, ವೀಸಾಗೆ ತೊಂದರೆ ಆಗುತ್ತಾ ಅಂತ ಕೇಳಿದ್ದೀರಿ. ಮೊದಲು ಸಮಾಧಾನ ಮಾಡಿಕೊಳ್ಳಿ. ನಮಗೂ ಬಂದಿತ್ತು. ಇದು ಪೊಲೀಸ್ ಕೇಸೂ ಅಲ್ಲ, ಕ್ರಿಮಿನಲ್ ಕೇಸೂ ಅಲ್ಲ. ಒಂದು ಖಾಸಗಿ ಕಂಪನಿ ಕಳಿಸಿರುವ ಬಿಲ್ ಅಷ್ಟೇ.

ತಲೆಬರಹ ಇನ್ನೊಮ್ಮೆ ನೋಡಿ. ಕೌನ್ಸಿಲ್‌ನವರು, ಅಂದರೆ ಇಲ್ಲಿನ ಸ್ಥಳೀಯ ಆಡಳಿತದವರು, ಕಳಿಸುವುದು ಪೆನಾಲ್ಟಿ ಚಾರ್ಜ್ ನೋಟಿಸ್, ಅದು ನಿಜವಾದ ದಂಡ. ಇವರದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡಕ್ಕೂ ಪಿಸಿಎನ್ ಅಂತಲೇ ಕರೆಯುತ್ತಾರೆ, ಕಾಗದದ ಬಣ್ಣ, ಅಕ್ಷರ ಎಲ್ಲ ಸರ್ಕಾರಿ ಕಾಗದದ ಥರಾನೇ ಇರುತ್ತೆ. ಹೊಸದಾಗಿ ಬಂದವರು ಹೆದರಲಿ ಅಂತಲೇ ಹೀಗೆ ಮಾಡುತ್ತಾರೆ ಅನ್ನೋದು ನನ್ನ ಅನಿಸಿಕೆ, ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ. ವಿಳಾಸ ಎಲ್ಲಿಂದ ಸಿಕ್ಕಿತು ಅಂದರೆ, ಗಾಡಿ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಡಿವಿಎಲ್ಎಗೆ ಒಂದು ಗಾಡಿಗೆ 2.50 ಪೌಂಡ್ ಕೊಟ್ಟು ತೆಗೆದುಕೊಂಡಿರುತ್ತಾರೆ.

ನಮ್ಮ ಕಥೆ ಹೇಳುತ್ತೇನೆ. ಬೆಳಿಗ್ಗೆ ಹಾಲು, ತರಕಾರಿ ತರಲು ಹೋಗಿದ್ದೆ, ಇಪ್ಪತ್ತು ನಿಮಿಷ. ಸಂಜೆ ಮಗಳ ಈಜು ಕ್ಲಾಸ್ ಮುಗಿಸಿಕೊಂಡು ಬರುವಾಗ ಅದೇ ಅಂಗಡಿಗೆ ಮತ್ತೆ ಹೋದೆ. ಕ್ಯಾಮೆರಾ ಬೆಳಿಗ್ಗೆ ಒಳಗೆ ಹೋಗಿದ್ದನ್ನೂ ಸಂಜೆ ಹೊರಗೆ ಬಂದಿದ್ದನ್ನೂ ಮಾತ್ರ ಹಿಡಿದು, ಮಧ್ಯದ ಎರಡು ಸಲ ಬಿಟ್ಟುಬಿಟ್ಟಿದೆ. ಏಳು ಗಂಟೆ ನಿಂತಿದ್ದೀರಿ ಅಂತ ಕಾಗದ! ಗಾಡಿ ನಮ್ಮನೆಯವರ ಹೆಸರಲ್ಲಿದೆ, ಅವರು "ಪೀಡೆ ತೊಲಗಲಿ, 60 ಬಿಸಾಕೋಣ" ಅಂದರು. ನನಗೆ ಮನಸ್ಸು ಬರಲಿಲ್ಲ. ಮಾಡದ ತಪ್ಪಿಗೆ ಯಾಕೆ ಕಟ್ಟಬೇಕು? ಎರಡು ಬಿಲ್ಲಿನ ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್, ಈಜುಕೊಳದ ರಸೀದಿ, ಫೋನಿನಲ್ಲಿದ್ದ ಮ್ಯಾಪ್ ಟೈಮ್‌ಲೈನ್ ಎಲ್ಲ ಸೇರಿಸಿ ಆ ಕಂಪನಿಗೇ ಅಪೀಲು ಹಾಕಿದೆವು. ಜೊತೆಗೆ ಅಂಗಡಿ ಮ್ಯಾನೇಜರ್ ಹತ್ತಿರ ಹೋಗಿ ಬಿಲ್ ತೋರಿಸಿದೆ. ಹತ್ತು ದಿನದಲ್ಲಿ ರದ್ದಾಯಿತು. ನೀವೂ ಮೊದಲು ಅಂಗಡಿಯವರನ್ನೇ ಕೇಳಿ. ಗಿರಾಕಿಗಳನ್ನು ಕಳೆದುಕೊಳ್ಳಲು ಅವರಿಗೆ ಇಷ್ಟ ಇರಲ್ಲ.

ಪಕ್ಕದ ಬೀದಿಯ ಗೆಳತಿಗೆ ಆಗಿದ್ದು ಬೇರೆ. ಮಳೆಯಲ್ಲಿ ನಿಂತು ಮೆಷಿನ್‌ನಲ್ಲಿ ಗಾಡಿ ನಂಬರ್ ಒತ್ತುವಾಗ ಸೊನ್ನೆ ಬದಲು 'ಓ' ಒತ್ತಿದ್ದಳು. ದುಡ್ಡು ಕಟ್ಟಿದ್ದಳು, ಆದರೂ ನೋಟಿಸ್ ಬಂತು. ಇಂಥ ಒಂದಕ್ಷರದ ತಪ್ಪಿದ್ದರೆ ಚಾರ್ಜ್ ಕೈಬಿಡಬೇಕು ಅಂತ ಈ ಕಂಪನಿಗಳ ಸಂಘದ ನಿಯಮದಲ್ಲೇ ಇದೆ. ಟಿಕೆಟ್ ಕಳಿಸಿದಳು, ಬಿಟ್ಟರು.

ನಿಮ್ಮ ಕಾಗದದಲ್ಲಿ ತಾರೀಖು ನೋಡಿ. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆ ಪ್ರಕಾರ ಗಾಜಿನ ಮೇಲೆ ಟಿಕೆಟ್ ಅಂಟಿಸದೆ ಕ್ಯಾಮೆರಾ ನೋಡಿ ಕಳಿಸುವ ನೋಟಿಸು, ಗಾಡಿ ನಿಂತ ಮರುದಿನದಿಂದ ಲೆಕ್ಕ ಹಾಕಿ 14 ದಿನದೊಳಗೆ ಕೈಸೇರಬೇಕು. ತಡವಾದರೆ, ಓಡಿಸಿದ್ದು ಯಾರು ಅಂತ ಅವರಿಗೆ ಗೊತ್ತಿಲ್ಲದಿದ್ದರೆ, ಗಾಡಿ ಯಾರ ಹೆಸರಲ್ಲಿದೆಯೋ ಅವರಿಂದ ವಸೂಲಿ ಮಾಡಲು ಆ ಕಾಯ್ದೆ ಬಳಸಲು ಬರಲ್ಲ. ಅದಕ್ಕೇ ಅಪೀಲಿನಲ್ಲಿ "ನಾನು ನಿಲ್ಲಿಸಿದೆ, ನಾನು ಹೋದೆ" ಅಂತ ಬರೆಯಬೇಡಿ. ಸುಳ್ಳೂ ಹೇಳಬೇಡಿ. "ಗಾಡಿ ನಿಂತಿತ್ತು" ಅಂದರೆ ಸಾಕು. ಇದು ಇಂಗ್ಲೆಂಡ್, ವೇಲ್ಸ್ ಲೆಕ್ಕ.

ಅಪೀಲನ್ನು 14 ದಿನದೊಳಗೆ ಹಾಕಿ. ಒಪ್ಪದಿದ್ದರೂ 60ರ ಅವಕಾಶ ಸಾಮಾನ್ಯವಾಗಿ ಇನ್ನೊಮ್ಮೆ ಕೊಡುತ್ತಾರೆ. ಆಮೇಲೆ ಕಂಪನಿ ಯಾವ ಸಂಘದಲ್ಲಿದೆ ನೋಡಿ, ಅದಕ್ಕೆ ತಕ್ಕಂತೆ ಪಾಪ್ಲಾ ಅಥವಾ ಐಎಎಸ್ ಅನ್ನೋ ಮೇಲ್ಮನವಿ ಸಂಸ್ಥೆಗೆ ಹೋಗಬಹುದು. ಪಾಪ್ಲಾಗೆ ನೀವು ದುಡ್ಡು ಕಟ್ಟಬೇಕಿಲ್ಲ. ಅಲ್ಲಿ ಸೋತರೆ ಮಾತ್ರ ರಿಯಾಯಿತಿ ಹೋಗಿರುತ್ತೆ, ಯೋಚಿಸಿ.

ನಿಜವಾಗಿ ಜಾಸ್ತಿ ಹೊತ್ತು ನಿಲ್ಲಿಸಿದ್ದರೆ ಮಾತು ಬೇರೆ. 2015ರಲ್ಲಿ ಪಾರ್ಕಿಂಗ್‌ಐ ವಿರುದ್ಧ ಬೀವಿಸ್ ಕೇಸಿನಲ್ಲಿ, ಎರಡು ಗಂಟೆ ಉಚಿತ ಇದ್ದ ಕಡೆ 56 ನಿಮಿಷ ಹೆಚ್ಚು ನಿಂತಿದ್ದಕ್ಕೆ 85 ಪೌಂಡ್ ಸರಿ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಅಲ್ಲಿ ಬೋರ್ಡ್‌ಗಳು ದೊಡ್ಡದಾಗಿ, ಸ್ಪಷ್ಟವಾಗಿದ್ದವು. ನಿಮ್ಮ ಜಾಗದ ಬೋರ್ಡ್ ಮರದ ಹಿಂದೆ ಇದೆಯಾ, ರಾತ್ರಿ ಕಾಣುತ್ತಾ, ಹೋಗಿ ಫೋಟೋ ತೆಗೆಯಿರಿ. ಹೊರಡಲು 10 ನಿಮಿಷ ಹೆಚ್ಚುವರಿ ಬಿಡಬೇಕು ಅನ್ನೋದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

"ಸುಮ್ನೆ ಕಸದ ಬುಟ್ಟಿಗೆ ಹಾಕಿ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಸಾಲ ವಸೂಲಿಯವರ ಕಾಗದಕ್ಕೆ ಹೆದರಬೇಕಿಲ್ಲ, ಅವರಿಗೆ ಮನೆಗೆ ಬಂದು ಏನನ್ನೂ ಎತ್ತಿಕೊಂಡು ಹೋಗುವ ಅಧಿಕಾರ ಇಲ್ಲ. ಆದರೆ ಕೋರ್ಟಿನ ಕಾಗದ ಬಂದರೆ ಉತ್ತರ ಕೊಡಲೇಬೇಕು. ಕೊಡದಿದ್ದರೆ ಸಿಸಿಜೆ, ಅಂದರೆ ದುಡ್ಡು ಕಟ್ಟಿ ಅನ್ನೋ ಕೌಂಟಿ ಕೋರ್ಟ್ ತೀರ್ಪು, ಬೀಳುತ್ತೆ, ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಆರು ವರ್ಷ ದಾಖಲೆಯಲ್ಲಿ ಇರುತ್ತೆ. ನಮಗೆ ಗೊತ್ತಿರುವ ಒಬ್ಬರು ಮನೆ ಬದಲಿಸಿ ಗಾಡಿಯ ನೋಂದಣಿ ಪತ್ರ ವಿ5ಸಿಯಲ್ಲಿ ವಿಳಾಸ ಬದಲಿಸಿರಲಿಲ್ಲ. ಎಲ್ಲ ಕಾಗದ ಹಳೇ ಮನೆಗೆ ಹೋದವು. ಮನೆ ಸಾಲಕ್ಕೆ ಅರ್ಜಿ ಹಾಕಿದಾಗಲೇ ವಿಷಯ ಗೊತ್ತಾಗಿದ್ದು. ನೀವೂ ಈಗಿನ್ನೂ ಬಾಡಿಗೆ ಮನೆಯಲ್ಲಿದ್ದೀರಿ ಅಲ್ವಾ, ಇವತ್ತೇ ನಿಮ್ಮ ವಿ5ಸಿ ತೆಗೆದು ನೋಡಿ.

ಕಾರು ನಿಂತಿದ್ದ ದಿನ, ಕಾಗದದ ಮೇಲಿನ ದಿನ, ಕೈಗೆ ಸಿಕ್ಕ ದಿನ, ಮೂರನ್ನೂ ಬರೆದು ತಿಳಿಸಿ, ಲೆಕ್ಕ ಹಾಕಿ ಹೇಳುತ್ತೇನೆ. ಫೋಟೋ ಹಾಕುವುದಾದರೆ ಗಾಡಿ ನಂಬರ್, ಹೆಸರು, ರೆಫರೆನ್ಸ್ ನಂಬರ್ ಮುಚ್ಚಿ ಹಾಕಿ.