ಅಪ್‌ಡೇಟ್: 1910ರ ಆಸ್ಟ್ರೇಲಿಯಾ ಫ್ಲೋರಿನ್ ಅಸಲಿ ಬೆಳ್ಳಿಯದೇ

11.31 ಗ್ರಾಂ ಇರಬೇಕಾದ ನನ್ನ 1910ರ ಫ್ಲೋರಿನ್ (ಎರಡು ಶಿಲ್ಲಿಂಗ್ ಬೆಲೆಯ ಬೆಳ್ಳಿ ನಾಣ್ಯ) 10.92 ಗ್ರಾಂ ಮಾತ್ರ ತೂಗುತ್ತಿದೆ, ಇದು ನಕಲಿಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಆಯಸ್ಕಾಂತದ ಪರೀಕ್ಷೆಯಿಂದ ಏನೂ ತೀರ್ಮಾನವಾಗಲಿಲ್ಲ. ತಾಮ್ರ, ಸೀಸಗಳೂ ಅದಕ್ಕೆ ಅಂಟುವುದಿಲ್ಲವಲ್ಲ. ಕೈಹಿಡಿದದ್ದು ಸಾಂದ್ರತೆ ಅಳೆಯುವ ಸಲಹೆ. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ತಳಕ್ಕೆ ತಾಗದಂತೆ ಮುಳುಗಿಸಿದಾಗ 1.06 ಗ್ರಾಂ ತೋರಿಸಿತು. ನಾಣ್ಯದ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸುಮಾರು 10.3, ಅಂದರೆ ಶೇ. 92.5 ಬೆಳ್ಳಿಗೆ ಹೊಂದುವ ಅಂಕಿ. ಇದನ್ನು ನೋಡಿದ ಅನುಭವಿ ವ್ಯಾಪಾರಿಯೊಬ್ಬರು, ಅಂಚಿನ ಸಾಲುಗೆರೆಗಳನ್ನೂ ಪರಿಶೀಲಿಸಿ, ಅಸಲಿಯೆಂದೇ ಹೇಳಿದರು. ತೂಕ ಇಳಿದಿರುವುದು ಸವಕಳಿಯಿಂದ: ಹಿಂಬದಿಯ ಕಾಂಗರೂ, ಎಮುಗಳ ಮೈ ಬಹುತೇಕ ನುಣುಪಾಗಿದೆ.

ಅಡುಗೆ ಸೋಡಾದಿಂದ ಉಜ್ಜುವ ಸಲಹೆಯನ್ನು ನಾನು ಪಾಲಿಸಲಿಲ್ಲ, ಯಾರೂ ಪಾಲಿಸಬೇಡಿ. ಗೀರು ಬಿದ್ದರೆ ಸಂಗ್ರಾಹಕರ ಪಾಲಿಗೆ ಬೆಲೆ ಇಳಿಯುತ್ತದೆ.

ಆಸ್ಟ್ರೇಲಿಯಾ ತನ್ನದೇ ಬೆಳ್ಳಿ ನಾಣ್ಯಗಳನ್ನು ಹೊರತಂದ ಮೊದಲ ವರ್ಷವೇ 1910. ಆ ವರ್ಷದ ಮೇ ತಿಂಗಳಲ್ಲಿ, ಈ ನಾಣ್ಯದ ಮೇಲಿರುವ ಬ್ರಿಟನ್ ದೊರೆ ಏಳನೇ ಎಡ್ವರ್ಡ್ ತೀರಿಕೊಂಡದ್ದರಿಂದ, 1911ರಿಂದ ಐದನೇ ಜಾರ್ಜ್ ಮುಖ ಬಂದಿತು. 1910ರ ನಾಣ್ಯಗಳು ಲಂಡನ್ನಿನಲ್ಲಿ ಅಚ್ಚಾದವು. ಮೆಲ್ಬರ್ನ್ ಟಂಕಸಾಲೆಯ 'ಎಂ' ಗುರುತು ಈ ಬೆಳ್ಳಿ ನಾಣ್ಯಗಳಲ್ಲಿ 1916ರಿಂದಷ್ಟೇ ಕಾಣುತ್ತದೆ.