ಆನ್‌ಲೈನ್ ಕೌನ್ಸೆಲಿಂಗ್ ತಗೊಂಡವ್ರು ಇದೀರಾ? ಅನುಭವ ಹೇಳಿ ಪ್ಲೀಸ್

ತೆಂಗಿನ ತೋಟ: ತಿಪಟೂರಿಂದ. ಹೋದ ವರ್ಷ ಹೈವೇಲಿ ನಮ್ಮ ಕಾರಿಗೆ ಲಾರಿ ಹೊಡೀತು, ಮೂಳೆ ಎಲ್ಲಾ ಕೂಡ್ಕೊಂಡಿದೆ, ಆದ್ರೆ ಈಗ್ಲೂ ಏರ್ ಹಾರನ್ ಕೇಳಿದ್ರೆ ಕೈ ನಡುಗುತ್ತೆ, ನಿದ್ದೆ ಇಲ್ಲ. ಇಲ್ಲೇ ಡಾಕ್ಟ್ರ ಹತ್ರ ಹೋದ್ರೆ ಊರಿಗೆಲ್ಲಾ ಗೊತ್ತಾಗುತ್ತೆ, ಅದಕ್ಕೆ ವಿಡಿಯೋ ಕಾಲಲ್ಲಿ ಲೈಸೆನ್ಸ್ ಇರೋ ಥೆರಪಿಸ್ಟ್ ನೋಡೋಣ ಅಂತ. ಕನ್ನಡ ಬರಬೇಕು. ಮನೇಲಿ ಅತ್ತೆ ಮಾವ ಎಲ್ರೂ ಇರ್ತಾರೆ. ಖರ್ಚೆಷ್ಟು?

ಹುಬ್ಬಳ್ಳಿ ಮಂದಿ: ನಾ ತಗೊಂಡೀನ್ರೀ, ಯಾರೇನಂದ್ರೂ ನಂಗ ಫಾಯದಾ ಆಗೇತಿ. ನಮ್ಮಪ್ಪ ಕೋವಿಡ್ ಟೈಮಿನ್ಯಾಗ ಹೋದ್ರು, ಮಾರಿ ಸೈತ ನೋಡಾಕ ಬಿಡ್ಲಿಲ್ಲ, ಆಮ್ಯಾಲೆ ಆಂಬುಲೆನ್ಸ್ ಸಪ್ಪಳ ಕೇಳಿದ್ರ ಎದಿ ಡವಡವ. ಮೊದ್ಲ ಒಂದ್ ಆ್ಯಪ್‌ನ್ಯಾಗ ಪ್ಯಾಕೇಜ್, 7,200 ಮೊದಲ ಕಟ್ಟಿಸ್ಕೊಂಡ್ರು. ಶುರುವಾಗೋದ್ರಾಗ ಆ ಥೆರಪಿಸ್ಟ್ ಕೆಲಸ ಬಿಟ್ರಂತ, ಹೊಸಬರ ಮುಂದ ಮತ್ತ ಅಪ್ಪ ಹೆಂಗ ಹೋದ್ರು ಅನ್ನೋದರಿಂದ ಹೇಳ್ಬೇಕು. ರೊಕ್ಕ ವಾಪಸ್ ಕೇಳಿದ್ರ ಕ್ರೆಡಿಟ್ ಕೊಡ್ತೀವಿ ಅಂದ್ರು, ಅದೂ ಎಕ್ಸ್‌ಪೈರ್ ಆತು. ಆಮ್ಯಾಲೆ ಒಬ್ರು ಕ್ಲಿನಿಕಲ್ ಸೈಕಾಲಜಿಸ್ಟ್ ನೇರ ಸಿಕ್ರು, 50 ನಿಮಿಷಕ್ಕ 1,500, ಹಿಂದಿನ ದಿನ ಕ್ಯಾನ್ಸಲ್ ಮಾಡ್ಲಿಲ್ಲಂದ್ರ ಪೂರಾ ಫೀ. ಒಮ್ಮೆ ಮಳಿಗೆ ಕರೆಂಟ್ ಹೋಗಿ ವೈಫೈ ಬಂದ್ ಆತು, 1,500 ಹೋತು, ಆ ಸಿಟ್ಟು ಇನ್ನೂ ಐತಿ! ಆದ್ರ ಅವ್ರು ಶುರುವಿಗೆ ಆ ದಿನದ ಸುದ್ದೀನ ತಗೀಲಿಲ್ಲ. ಪಾದ ನೆಲಕ್ಕ ಒತ್ತಿ ಕೂಡ್ರಿ, ಖೋಲಿಯೊಳಗ ಕಾಣೋ ಐದು ಸಾಮಾನು ಹೆಸರು ಹೇಳ್ರಿ ಅಂತಿದ್ರು. ಫ್ಯಾನು, ಕ್ಯಾಲೆಂಡರು, ಅಪ್ಪನ ಛತ್ರಿ... ಇದಕ್ಕ 1,500 ಏನು ಅಂತ ಒಳಗ ನಗು ಬರ್ತಿತ್ತು. ಈಗ ರಸ್ತೇದಾಗ ಆಂಬುಲೆನ್ಸ್ ಬಂದ್ರ ಅದನ್ನ ಮಾಡ್ತೀನಿ.

ಬಸವನಗುಡಿ ಅಂಕಲ್: ಫ್ಯಾನ್ ಎಣಿಸೋಕೆ ಸಾವಿರದೈನೂರು, ಚೆನ್ನಾಗಿದೆ. ನನ್ನ ಮಗನ್ನ ನಾನು ನಿಮ್ಹಾನ್ಸ್‌ಗೇ ಕರ್ಕೊಂಡೋಗಿದ್ದು, ಸೈಕಿಯಾಟ್ರಿಸ್ಟು ಎದುರಿಗೆ ಕೂರಿಸ್ಕೊಂಡು ನೋಡಿದ್ರು, ಮಾತ್ರೆನೂ ಮಾತೂ ಎರಡೂ ಒಂದೇ ಕಡೆ. ಮನೇಲೇ ಕೂತು ಫೋನಲ್ಲೇ ಬೇಕು ಅಂದ್ರೆ ಸರ್ಕಾರದ 14416 ಇದೆ, ಟೆಲಿ ಮಾನಸ್, 2022ರಿಂದ ಇದೆ, ಪೈಸೆ ಖರ್ಚಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಹುಬ್ಬಳ್ಳಿ ಮಂದಿ: ವಾರಾ ವಾರಾ ಬೆಂಗಳೂರಿಗೆ ಬರಾಕ ನಂಗ ರಜಾ ನೀವು ಕೊಡಸ್ತೀರೇನು?

ಬಸವನಗುಡಿ ಅಂಕಲ್: ಪಕ್ಕದ ಧಾರವಾಡದಲ್ಲೇ ಸರ್ಕಾರದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆಯಲ್ಲಪ್ಪಾ, ಚಿಗರಿ ಬಸ್ ಹತ್ತಿದ್ರೆ ಆಯ್ತು.

ಹುಬ್ಬಳ್ಳಿ ಮಂದಿ: ಹತ್ತಿದ್ರ ಬಸ್ಸಿನ್ಯಾಗ ನಮ್ಮ ಬೀಗ್ರು ಕುಂತಿರ್ತಾರ, ಎಲ್ಲಿಗೆ ಹೊಂಟೀಪಾ ಅಂತ. ನಿಮಗೇನ್ರೀ ಗೊತ್ತು.

ನಿದ್ದೆಗೇಡಿ: 14416 ಬಗ್ಗೆ ಕೆಟ್ಟದಾಗಿ ಹೇಳಲ್ಲ, ಮಧ್ಯರಾತ್ರಿ ಎದೆ ಹಿಡ್ಕೊಂಡಾಗ ಅವ್ರೇ ಮಾತಾಡಿದ್ದು. ಆದ್ರೆ ಅದು ಆ ಹೊತ್ತಿಗೆ, ಪ್ರತಿ ವಾರ ಅದೇ ಮನುಷ್ಯ ನಿಮ್ಮ ಕಥೆ ನೆನಪಿಟ್ಕೊಂಡು ಕೂರೋದು ಬೇರೆ. ನಾನು ಸೆಷನ್ ಮಾಡ್ತಿದ್ದು ಟೆರೇಸಲ್ಲಿ, ಬಟ್ಟೆ ಒಣಗಾಕೋ ನೆಪ. ಅತ್ತೋ ದಿನವೇ ಪಕ್ಕದ್ಮನೆ ಆಂಟಿ ಸಂಡಿಗೆ ಎತ್ತೋಕೆ ಬಂದು ಯಾರಮ್ಮ ಫೋನಲ್ಲಿ, ತವರಲ್ಲಿ ಏನಾದ್ರೂ ಆಯ್ತಾ ಅಂತ ಪಕ್ಕಕ್ಕೇ ಬಂದ್ ನಿಂತ್ರು. ಆಮೇಲಿಂದ ಕಾರಲ್ಲಿ ಗ್ಲಾಸ್ ಏರಿಸ್ಕೊಂಡು, ಸೆಕೆಗೆ ಬೆಂದು ಹೋಗ್ತಿದ್ದೆ.

ಸೈಕಾಲಜಿ ಓದ್ದೋಳು: ಯಾರೂ ಮುಖ್ಯವಾದ್ದು ಹೇಳ್ತಿಲ್ಲ. ಆರ್‌ಸಿಐ ರಿಜಿಸ್ಟ್ರೇಷನ್ ಕೇಳಿ, ಅಂದ್ರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನ ನೋಂದಾಯಿಸೋ ಕೇಂದ್ರ ಸರ್ಕಾರದ ಸಂಸ್ಥೇದು. ಅವ್ರು ಕೊಡೋ ಸಿಆರ್‌ಆರ್ ಅನ್ನೋ ನೋಂದಣಿ ನಂಬರ್ ಇಸ್ಕೊಂಡು ಆರ್‌ಸಿಐ ವೆಬ್‌ಸೈಟಲ್ಲಿ ಚೆಕ್ ಮಾಡಿ. ಕೌನ್ಸೆಲರ್ ಅಂತ ಬೋರ್ಡ್ ಹಾಕ್ಕೊಂಡೋರನ್ನೆಲ್ಲಾ ನಂಬಿದ್ರೆ ನನ್ನ ಗತಿ. 12,000 ಕಟ್ಟಿಸ್ಕೊಂಡ ಒಬ್ಬ ಹೀಲರ್ ಮೊದಲ ದಿನವೇ ಎಲ್ಲಾ ಹೊರಗೆ ಹಾಕಿ ಅಂತ ಕೆದಕಿ ಕೆದಕಿ ಕೇಳಿ, ಟೈಮ್ ಆಯ್ತು ಬೈ ಅಂತ ಕಟ್ ಮಾಡ್ದ. ಆ ವಾರ ನಾನು ಆಫೀಸಿಗೇ ಹೋಗ್ಲಿಲ್ಲ.

ಎಮ್ಮೆಸ್ಸಿ ಕೌನ್ಸೆಲರ್: ಹೀಲರ್‌ಗೂ ನಮಗೂ ಸಂಬಂಧ ಏನು? ನಾನು ಎಂಎಸ್ಸಿ ಮಾಡಿ, ಸೀನಿಯರ್‌ಗಳ ಕೈಕೆಳಗೆ ಪಳಗಿ, 600 ರೂಪಾಯಿಗೆ ಕೂರ್ತೀನಿ. ನಂಬರ್ ಇಲ್ದೋರೆಲ್ಲಾ ಕಳ್ಳರಾ?

ಸೈಕಾಲಜಿ ಓದ್ದೋಳು: ಕಳ್ಳರು ಅಂದ್ನಾ? ಲೈಸೆನ್ಸ್ ಇರೋರು ಬೇಕು ಅಂತ ಅವ್ರೇ ಕೇಳಿರೋದು.

ಟೆಕ್ಸಾಸ್ ಕನ್ನಡತಿ: ಲೈಸೆನ್ಸ್ ಗೋಳು ನನ್ನ ಕೇಳಿ. ಇಲ್ಲಿ ಅದು ಸ್ಟೇಟ್ ಲೆಕ್ಕ. ನ್ಯೂಜೆರ್ಸೀಲಿ ಒಬ್ಬ ಥೆರಪಿಸ್ಟ್ ಹತ್ರ ಎಲ್ಲಾ ಹೇಳ್ಕೊಂಡು ಸ್ವಲ್ಪ ಚೇತರಿಸ್ಕೊಂಡಿದ್ದೆ, ಯಜಮಾನ್ರ ಕೆಲಸ ಡಲ್ಲಾಸ್‌ಗೆ ಬಂತು, ಅವ್ರು ತಮಗೆ ಟೆಕ್ಸಾಸ್ ಲೈಸೆನ್ಸ್ ಇಲ್ಲ, ವಿಡಿಯೋದಲ್ಲೂ ನೋಡೋ ಹಾಗಿಲ್ಲ ಅಂದ್ಬಿಟ್ರು. ಅದೇ ಲ್ಯಾಪ್‌ಟಾಪು, ಅದೇ ಕುರ್ಚಿ! ಹೊಸಬರದ್ದು 160 ಡಾಲರ್, ಇನ್ಶೂರೆನ್ಸ್ ಇದ್ದಿದ್ಕೆ ಕೈಯಿಂದ 30. ನಿಮ್ಮಲ್ಲೂ ಇನ್ಶೂರೆನ್ಸ್ ಕೊಡುತ್ತಲ್ಲಾ?

ಬಸವನಗುಡಿ ಅಂಕಲ್: ಕೊಡಲೇಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೇಲೇ ಇದೆ, ಮೈ ಕಾಯಿಲೆಗೆ ಹೇಗೋ ಮನಸ್ಸಿಂದಕ್ಕೂ ಹಾಗೇ ಅಂತ.

ಹುಬ್ಬಳ್ಳಿ ಮಂದಿ: ಕಾಯ್ದೇನ ನೆನಸಿಟ್ಟು ಉಣ್ರಿ. ನಂದು ರಿಜೆಕ್ಟ್ ಆತು, ಓಪಿಡಿ ಕವರ್ ಇಲ್ಲಂತ, ಅಡ್ಮಿಟ್ ಆದ್ರಷ್ಟ ಕೊಡ್ತಾರಂತ. ವಿಡಿಯೋ ಕಾಲಿಗೆ ಎಲ್ಲಿ ಅಡ್ಮಿಟ್ ಆಗ್ಲಿ?

ಬಸವನಗುಡಿ ಅಂಕಲ್: ಪಾಲಿಸಿ ಓದ್ದೆ ಸೈನ್ ಹಾಕಿ ಆಮೇಲೆ ಬೈದ್ರೆ? ನಂದ್ರಲ್ಲಿ ಓಪಿಡಿ 5,000 ತನಕ ಇದೆ. ಬಿಲ್ ಮೇಲೆ ರಿಜಿಸ್ಟ್ರೇಷನ್ ನಂಬರ್ ಇರಬೇಕು ಅಷ್ಟೆ.

ಎಮ್ಮೆಸ್ಸಿ ಕೌನ್ಸೆಲರ್: ಹೂಂ, ಸುತ್ತಿ ಬಳಸಿ ಮತ್ತೆ ನಂಬರ್‌ಗೇ ಬನ್ನಿ.